ಸ್ಟೋರಿಬೋರ್ಡ್: ಶೂಟಿಂಗ್‌ಗೂ ಮೊದಲು ಕಾಗದದ ಮೇಲೆ ಸಿನಿಮಾ

ಸಿನಿಮಾದ ಒಂದೊಂದು ಶಾಟ್ ತೆರೆಯ ಮೇಲೆ ಹೇಗೆ ಕಾಣಬೇಕು ಅನ್ನುವುದನ್ನು ಚೌಕಗಳಲ್ಲಿ ಬರೆದು ಸಾಲಾಗಿ ಜೋಡಿಸಿದರೆ ಅದೇ ಸ್ಟೋರಿಬೋರ್ಡ್. ಚಿತ್ರದ ಕೆಳಗೆ ಒಂದೆರಡು ಸಾಲು ಇರುತ್ತದೆ: ಕ್ಲೋಸಪ್ಪೋ ಲಾಂಗ್ ಶಾಟೋ, ಯಾರ ಮಾತು, ಯಾವ ಸದ್ದು. 1930ರ ದಶಕದ ಆರಂಭದಲ್ಲಿ ಅಮೆರಿಕದ ಡಿಸ್ನಿ ಸ್ಟುಡಿಯೊದಲ್ಲಿ ಇದು ರೂಢಿಗೆ ಬಂತು. ಅಲ್ಲಿ ಚಿತ್ರದ ಹಾಳೆಗಳನ್ನು ಬೋರ್ಡಿಗೆ ಪಿನ್ ಮಾಡಿ, ಬೇಡದ್ದನ್ನು ಕಿತ್ತು, ಜಾಗ ಬದಲಿಸಿ ಕಥೆ ಕಟ್ಟುತ್ತಿದ್ದರು.

‘ನನಗೆ ಚಿತ್ರ ಬರೆಯೋಕೆ ಬರಲ್ಲ’ ಅಂತ ವಿದ್ಯಾರ್ಥಿಗಳು ಇದನ್ನು ಬಿಟ್ಟುಬಿಡುವುದೇ ಜಾಸ್ತಿ. ನಿರ್ದೇಶಕ ಸತ್ಯಜಿತ್ ರಾಯ್ ಅವರಿಗೇನೋ ಚಿತ್ರ ಬರೆಯುವುದು ಕೈವಶವಾಗಿತ್ತು. ‘ಪಥೇರ್ ಪಾಂಚಾಲಿ’ಗೆ (1955) ಪೂರ್ತಿ ಚಿತ್ರಕಥೆಯ ಬದಲು ಅವರ ಕೈಯಲ್ಲಿದ್ದದ್ದು ರೇಖಾಚಿತ್ರಗಳು ಮತ್ತು ಟಿಪ್ಪಣಿಗಳು. ಆದರೆ ನಮಗೆ ಕಡ್ಡಿ ಮನುಷ್ಯರೇ ಸಾಕು. ಪಾತ್ರ ಫ್ರೇಮಿನಲ್ಲಿ ಎಲ್ಲಿದೆ, ಎಷ್ಟು ದೊಡ್ಡದಾಗಿದೆ, ಯಾವ ಕಡೆ ನೋಡುತ್ತಿದೆ ಅನ್ನುವುದು ತಿಳಿದರೆ ಆಯ್ತು.

ಒಂದು ದೃಶ್ಯ ನೋಡೋಣ. ಹಾಸ್ಟೆಲ್ ರೂಮು. ಅಪ್ಪನ ಫೋನ್ ಬರುತ್ತದೆ, ಮಗಳು ಎತ್ತುವುದಿಲ್ಲ. ಸ್ಕ್ರಿಪ್ಟಿನಲ್ಲಿ ಇದು ಒಂದೇ ಸಾಲು. ಚೌಕ ಹಾಕಲು ಕೂತಾಗ ಪ್ರಶ್ನೆ ಏಳುತ್ತದೆ: ಮೊದಲು ಫೋನ್ ತೋರಿಸಬೇಕೋ, ಅವಳ ಮುಖವೋ? ಮುಖ ಮೊದಲು ಬಂದರೆ ‘ಯಾರ ಫೋನಿರಬಹುದು?’ ಅಂತ ನೋಡುವವರು ಕಾಯುತ್ತಾರೆ. ‘ಅಪ್ಪ’ ಅನ್ನುವ ಹೆಸರು ಮೊದಲು ಕಂಡರೆ ‘ಇವಳು ಎತ್ತುತ್ತಾಳಾ?’ ಅಂತ ಕಾಯುತ್ತಾರೆ. ಎರಡು ಚೌಕ ಅದಲುಬದಲಾದರೆ ದೃಶ್ಯವೇ ಬೇರೆ. ಬಾಡಿಗೆ ಕ್ಯಾಮೆರಾ ಇಟ್ಟುಕೊಂಡು, ಸಂಜೆ ಬೆಳಕು ಹೋಗುತ್ತಿರುವಾಗ ಇದನ್ನು ಯೋಚಿಸುತ್ತಾ ನಿಲ್ಲುವುದು ಬೇಕಾ?

ಕಾಗದದ ಮೇಲೆ ಬೇಗ ಸಿಕ್ಕಿಬೀಳುವ ಇನ್ನೊಂದು ತಪ್ಪು ನೋಟದ ದಿಕ್ಕು. ಎದುರುಬದುರು ಕೂತು ಮಾತಾಡುವ ಇಬ್ಬರನ್ನು ಜೋಡಿಸುವ ಒಂದು ಗೆರೆ ಇದೆ ಅಂದುಕೊಳ್ಳಿ. ಕ್ಯಾಮೆರಾ ಗೆರೆಯ ಒಂದೇ ಬದಿಯಲ್ಲಿದ್ದರೆ ಒಬ್ಬರು ಬಲಕ್ಕೆ, ಇನ್ನೊಬ್ಬರು ಎಡಕ್ಕೆ ನೋಡುತ್ತಾರೆ. ಗೆರೆ ದಾಟಿದರೆ ಇಬ್ಬರೂ ಒಂದೇ ಕಡೆ ನೋಡಿದಂತಾಗಿ, ಮೂರನೆಯವರ ಜೊತೆ ಮಾತಾಡುತ್ತಿದ್ದಾರೇನೋ ಅನಿಸುತ್ತದೆ. ಇದೇ 180 ಡಿಗ್ರಿ ನಿಯಮ. ಬೇಕೆಂದೇ ಮುರಿಯುವವರಿದ್ದಾರೆ, ಅದು ಬೇರೆ ಮಾತು.

ಚೌಕದ ಅಳತೆ ತೆರೆಯ ಅಳತೆಗೆ ಹೊಂದಲಿ. 16:9ರಲ್ಲಿ (ಅಗಲ 16 ಪಾಲು, ಎತ್ತರ 9 ಪಾಲು) ತೆಗೆಯುವುದಾದರೆ 8 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. ನಟರ ಚಲನೆಗೊಂದು ಬಗೆಯ ಬಾಣ, ಕ್ಯಾಮೆರಾ ಚಲನೆಗೆ ಇನ್ನೊಂದು. ಲೊಕೇಶನ್ ನೋಡಿಯೇ ಬರೆಯಿರಿ. ಇಲ್ಲದಿದ್ದರೆ ನೀವು ಕಿಟಕಿ ಬರೆದ ಕಡೆ ಅಲ್ಲಿ ಬೀರು ಇರುತ್ತದೆ. ಎಲ್ಲ ದೃಶ್ಯಕ್ಕೂ ಚಿತ್ರ ಬೇಕಿಲ್ಲ. ಸುಮ್ನೆ ಕೂತು ಮಾತಾಡುವ ದೃಶ್ಯಕ್ಕೆ ಶಾಟ್ ಲಿಸ್ಟ್, ಅಂದರೆ ಶಾಟ್‌ಗಳನ್ನು ಮಾತಿನಲ್ಲೇ ಬರೆದ ಪಟ್ಟಿ, ನಡೆಯುತ್ತದೆ. ಓಟ, ಜಗಳ, ಜನ ತುಂಬಿದ ದೃಶ್ಯಗಳಿಗೆ ಮಾತ್ರ ತಪ್ಪಿಸಬೇಡಿ.

ಚಿತ್ರದ ಬದಲು ಗೆಳೆಯರನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದರೂ ನಡೆಯುತ್ತದೆ. ಅವನ್ನು ಎಡಿಟಿಂಗ್ ಆ್ಯಪಿನಲ್ಲಿ ಜೋಡಿಸಿ, ಸಂಭಾಷಣೆ ಓದಿ ಸೇರಿಸಿದರೆ ಅದಕ್ಕೆ ಅನಿಮ್ಯಾಟಿಕ್ ಅನ್ನುತ್ತಾರೆ. ಐದು ನಿಮಿಷದ ಸಿನಿಮಾ ಅಂದುಕೊಂಡದ್ದು ಅಲ್ಲೇ ಒಂಬತ್ತು ನಿಮಿಷ ಬಂದರೆ, ಯಾವ ದೃಶ್ಯ ಬಿಡಬೇಕು ಅಂತ ಶೂಟಿಂಗ್‌ಗೆ ಮೊದಲೇ ಜಗಳ ಮುಗಿಸಬಹುದು.