ಬೀಜದ ದಾರಿ, ಪರಾಗದ ದಾರಿ

ಪ್ರಶ್ನೆ: ಹಿಮಯುಗದಲ್ಲಿ ಪೈನ್, ಸ್ಪ್ರೂಸ್ ಕಾಡುಗಳು ಎಲ್ಲಿದ್ದವು, ಅಲ್ಲಿಂದ ಎತ್ತ ಹಬ್ಬಿದವು ಎಂದು ಇಂದಿನ ಮರಗಳ ಡಿಎನ್‌ಎ ನೋಡಿ ಹೇಳುತ್ತಾರಲ್ಲ, ಅದು ಹೇಗೆ ಸಾಧ್ಯ?

ಉತ್ತರ: ಪೈನ್ ಬೀಜವೊಂದನ್ನು ಉದ್ದಕ್ಕೆ ಸೀಳಿ ನೋಡಿ. ಬಿಳಿಯ ತಿರುಳಿನ ನಡುವೆ ಕಡ್ಡಿಯಂಥ ಪುಟ್ಟ ಭ್ರೂಣ ಮಲಗಿರುತ್ತದೆ. ಭ್ರೂಣದಲ್ಲಿ ತಂದೆ ತಾಯಿ ಇಬ್ಬರ ಪಾಲೂ ಇದೆ. ತಿರುಳಿನಲ್ಲಿರುವುದು ತಾಯಿಯ ಪಾಲು ಮಾತ್ರ. ಎರಡರ ಡಿಎನ್‌ಎ ಓದಿ ಮೊದಲನೆಯದರಿಂದ ಎರಡನೆಯದನ್ನು ಕಳೆದರೆ, ಗಾಳಿಯಲ್ಲಿ ತೇಲಿ ಬಂದ ಪರಾಗ ಏನು ತಂದಿತ್ತು ಎಂಬುದು ಕೈಗೆ ಸಿಗುತ್ತದೆ.

ನನ್ನನ್ನು ಇನ್ನೂ ಬೆರಗುಗೊಳಿಸುವುದು ಮತ್ತೊಂದು ಸಂಗತಿ. ಜೀವಕೋಶದೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ, ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣವಾದ ಕ್ಲೋರೊಪ್ಲಾಸ್ಟ್ ಎರಡಕ್ಕೂ ತಮ್ಮದೇ ಡಿಎನ್‌ಎ ಇದೆ. ಹೂಬಿಡುವ ಹೆಚ್ಚಿನ ಸಸ್ಯಗಳಲ್ಲಿ ಇವೆರಡೂ ತಾಯಿಯಿಂದಲೇ ಬರುತ್ತವೆ. ಸ್ಪ್ರೂಸ್ ಕೂಡ ಸೇರುವ ಪೈನ್ ಕುಟುಂಬದಲ್ಲಿ ಹಾಗಲ್ಲ: ಮೈಟೊಕಾಂಡ್ರಿಯ ತಾಯಿಯದು, ಕ್ಲೋರೊಪ್ಲಾಸ್ಟ್ ತಂದೆಯದು. ಬೀಜ ಸಾಮಾನ್ಯವಾಗಿ ತಾಯಿಮರದ ಆಸುಪಾಸಿನಲ್ಲೇ ಬೀಳುತ್ತದೆ, ಪರಾಗ ಬೆಟ್ಟಗಳನ್ನೇ ದಾಟುತ್ತದೆ. ಹೀಗಾಗಿ ಮರಗಳು ನೆಲದ ಮೇಲೆ ಹೆಜ್ಜೆಹೆಜ್ಜೆಯಾಗಿ ಸಾಗಿದ ಗುರುತು ಮೈಟೊಕಾಂಡ್ರಿಯದಲ್ಲಿ ಅಳಿಯದೆ ಉಳಿಯುತ್ತದೆ. ಯುರೋಪಿನ ನಾರ್ವೆ ಸ್ಪ್ರೂಸ್‌ನಲ್ಲಿ ಈ ಗುರುತು ಎರಡು ಬಳಗಗಳಾಗಿ ಒಡೆದಿದೆ: ರಷ್ಯಾದಿಂದ ಸ್ಕ್ಯಾಂಡಿನೇವಿಯದವರೆಗಿನ ಉತ್ತರದ್ದು ಒಂದು, ಆಲ್ಪ್ಸ್ ಮತ್ತು ಕಾರ್ಪೇಥಿಯನ್ ಬೆಟ್ಟಗಳ ದಕ್ಷಿಣದ್ದು ಇನ್ನೊಂದು. ಸುಮಾರು 21,000 ವರ್ಷಗಳ ಹಿಂದೆ ಹಿಮ ತುತ್ತತುದಿಗೇರಿದ್ದಾಗ ಇವೆರಡೂ ಬೇರೆ ಬೇರೆ ಕಡೆ ಆಸರೆ ಪಡೆದಿದ್ದವು.

ಮರಗಳ ನಡುವಿನ ವ್ಯತ್ಯಾಸ ಎಷ್ಟು ಎಂಬುದೂ ಮಾತಾಡುತ್ತದೆ. ಮೆಡಿಟರೇನಿಯನ್ ಸುತ್ತಲೂ ಬೆಳೆಯುವ ಸ್ಟೋನ್ ಪೈನ್‌ನ ಕ್ಲೋರೊಪ್ಲಾಸ್ಟ್ ಡಿಎನ್‌ಎ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಅಷ್ಟು ದೊಡ್ಡ ಹರವಿನ ಮರ ಹಿಂದೊಮ್ಮೆ ಬೆರಳೆಣಿಕೆಗೆ ಕುಸಿದಿತ್ತು ಎಂಬ ಅನುಮಾನಕ್ಕೆ ಇದೇ ಆಧಾರ.

ಆದರೆ ಯಾವಾಗ ಎಂಬ ಪ್ರಶ್ನೆಗೆ ಬರುವ ಉತ್ತರವನ್ನು ಎಚ್ಚರದಿಂದ ಓದಬೇಕು. ಡಿಎನ್‌ಎ ಲೆಕ್ಕ ಕೊಡುವುದು ತಲೆಮಾರುಗಳನ್ನು. ಒಂದೇ ಮರ ನೂರಾರು ವರ್ಷ ಬೀಜ ಬಿಡುವಾಗ ತಲೆಮಾರೆಂದರೆ ಎಷ್ಟು ವರ್ಷ? 25 ಎಂದುಕೊಂಡವರಿಗೆ ಸಿಗುವ ಕಾಲ, 50 ಎಂದುಕೊಂಡವರಿಗೆ ಇಮ್ಮಡಿಯಾಗುತ್ತದೆ. ಅದಕ್ಕಾಗಿಯೇ ಸರೋವರದ ತಳದ ಕೆಸರಿನಲ್ಲಿ ಪದರಪದರವಾಗಿ ಕೂತ ಪರಾಗ, ಎಲೆಗಳೊಡನೆ ತಾಳೆ ನೋಡುತ್ತಾರೆ. ತಾಳೆಯಾಗದ ಸಂದರ್ಭಗಳೂ ಇವೆ. ಸ್ಕ್ಯಾಂಡಿನೇವಿಯದಲ್ಲಿ ಮಾತ್ರ ಕಾಣುವ ಮೈಟೊಕಾಂಡ್ರಿಯ ಗುರುತನ್ನೂ ಸರೋವರದ ಕೆಸರಿನಲ್ಲಿ ದೊರೆತ ಹಳೆಯ ಡಿಎನ್‌ಎಯನ್ನೂ ಮುಂದಿಟ್ಟು, ಕೆಲವು ಸ್ಪ್ರೂಸ್ ಮರಗಳು ಹಿಮದ ಅಂಚಿನಲ್ಲೇ ಬದುಕುಳಿದವು ಎಂದು 2012ರಲ್ಲಿ ಒಂದು ತಂಡ ವಾದಿಸಿತು. ಹಾಗಿದ್ದರೆ ಅಷ್ಟು ಹಳೆಯ ಎಲೆ, ಬೀಜ ಹೊರುವ ಶಂಕುಗಳ ಪಳೆಯುಳಿಕೆ ಎಲ್ಲಿ ಎಂದು ಕೆಸರು ಓದುವವರು ಕೇಳಿದರು.