ಪಟ್ಟಕವನ್ನು ಬಿಚ್ಚಿ ಹರಡಿದಾಗ

ಬಿಳಿಯ ಬೆಳಕನ್ನು ಏಳು ಬಣ್ಣಗಳಾಗಿ ಬಿಡಿಸಿ ತೋರಿಸುವ ಗಾಜಿನ ತುಂಡನ್ನು ಹೆಚ್ಚಿನವರು ಪ್ರಯೋಗಾಲಯದಲ್ಲಿ ನೋಡಿರುತ್ತಾರೆ. ಎರಡು ತುದಿಗಳಲ್ಲಿ ಸರ್ವಸಮ ತ್ರಿಭುಜಗಳು, ಅವುಗಳ ನಡುವೆ ಮೂರು ಆಯತಗಳು, ಹೀಗೆ ಒಟ್ಟು ಐದು ಮುಖಗಳುಳ್ಳ ಈ ಘನಾಕೃತಿಯೇ ತ್ರಿಭುಜಾಕಾರದ ಪಟ್ಟಕ. ಇದರ ಮೇಲ್ಮೈ ವಿಸ್ತೀರ್ಣ ಎಂದರೆ ಐದೂ ಮುಖಗಳ ವಿಸ್ತೀರ್ಣಗಳ ಮೊತ್ತ, ಅಷ್ಟೆ. ಆದರೂ ಮಾಧ್ಯಮಿಕ ತರಗತಿಯ ಮಕ್ಕಳು ಇಲ್ಲಿ ಎಡವುತ್ತಾರೆ. ಆಕೃತಿಯನ್ನು ಕಣ್ಣಿಗೆ ತಂದುಕೊಳ್ಳುವ ಮೊದಲೇ ಸೂತ್ರವನ್ನು ಬಾಯಿಪಾಠ ಮಾಡಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ನನಗೆ ಅನ್ನಿಸುತ್ತದೆ.

ರಟ್ಟಿನಿಂದ ಮಾಡಿದ ಒಂದು ಪಟ್ಟಕವನ್ನು ಕೈಗೆತ್ತಿಕೊಳ್ಳೋಣ. ಅದರ ತ್ರಿಭುಜದ ಬಾಹುಗಳು 5, 5 ಮತ್ತು 6 ಸೆಂ.ಮೀ., ಪಟ್ಟಕದ ಉದ್ದ 10 ಸೆಂ.ಮೀ. ಉದ್ದನೆಯ ಅಂಚುಗಳಲ್ಲಿ ಒಂದನ್ನು ಕತ್ತರಿಸಿ, ತ್ರಿಭುಜಗಳು ಒಂದೊಂದು ಬಾಹುವಿನಲ್ಲಿ ಮಾತ್ರ ಅಂಟಿಕೊಂಡಿರುವಂತೆ ಬಿಡಿಸಿ ಮೇಜಿನ ಮೇಲೆ ಹರಡಿದರೆ, ಮೂರು ಆಯತಗಳು ಅಕ್ಕಪಕ್ಕದಲ್ಲಿ ಕೂಡಿಕೊಂಡು ಒಂದೇ ದೊಡ್ಡ ಆಯತವಾಗುತ್ತವೆ. ಅದರ ಒಂದು ಬದಿ ಪಟ್ಟಕದ ಉದ್ದವಾದರೆ, ಇನ್ನೊಂದು ಬದಿ 5 + 5 + 6 = 16 ಸೆಂ.ಮೀ., ಅಂದರೆ ತ್ರಿಭುಜದ ಸುತ್ತಳತೆ. ಆದ್ದರಿಂದ ಪಾರ್ಶ್ವ ಮೇಲ್ಮೈ 16 × 10 = 160 ಚದರ ಸೆಂ.ಮೀ. ತ್ರಿಭುಜದ ಪಾದ 6, ಎತ್ತರ 4 ಆಗಿರುವುದರಿಂದ ಒಂದೊಂದು ತ್ರಿಭುಜಕ್ಕೆ 12ರಂತೆ ಎರಡಕ್ಕೂ 24. ಒಟ್ಟು 184 ಚದರ ಸೆಂ.ಮೀ.

ತಪ್ಪು ನುಸುಳುವುದು ಆ 4ರಿಂದ. ಅದು ತ್ರಿಭುಜದ ಒಳಗಿನ ಎತ್ತರವೇ ಹೊರತು ಯಾವ ಆಯತದ ಬದಿಯೂ ಅಲ್ಲ. ಓರೆಯಾಗಿರುವ ಎರಡು ಮುಖಗಳಿಗೆ 5 × 10 ಎನ್ನುವ ಬದಲು 4 × 10 ಎಂದು ಬರೆದುಬಿಟ್ಟರೆ ಉತ್ತರ 164ಕ್ಕೆ ಇಳಿಯುತ್ತದೆ. ಸ್ವಾರಸ್ಯವೆಂದರೆ, ಈ ತಪ್ಪು ಉತ್ತರವೂ ಒಂದು ನಿಜವಾದ ಘನಾಕೃತಿಗೆ ಸೇರಿದ್ದು! 3, 4 ಮತ್ತು 10 ಸೆಂ.ಮೀ. ಅಳತೆಯ ಆಯತಘನದ ಪೂರ್ಣ ಮೇಲ್ಮೈ ಸರಿಯಾಗಿ 164 ಚದರ ಸೆಂ.ಮೀ.

ಇದು ಕಾಕತಾಳೀಯವಲ್ಲ. ಆ ಆಯತಘನವನ್ನು 3 × 4 ಮುಖದ ಕರ್ಣದ ಗುಂಟ ಉದ್ದಕ್ಕೂ ಸೀಳಿದರೆ 3, 4, 5 ಬಾಹುಗಳ ಲಂಬಕೋನ ತ್ರಿಭುಜವುಳ್ಳ ಎರಡು ಪಟ್ಟಕಗಳು ಸಿಗುತ್ತವೆ. ಘನಫಲ ಅರ್ಧವಾಯಿತೆಂದು ಮೇಲ್ಮೈಯನ್ನೂ ಅರ್ಧ ಮಾಡಿ 82 ಎನ್ನುವಂತಿಲ್ಲ. ಸೀಳಿದ ಜಾಗದಲ್ಲಿ ಎರಡೂ ತುಂಡುಗಳಿಗೆ 5 × 10 ಅಳತೆಯ ಹೊಸ ಮುಖ ಹುಟ್ಟಿರುವುದರಿಂದ ಒಂದೊಂದರ ಮೇಲ್ಮೈ 132 ಆಗುತ್ತದೆ. ಈಗ ಆ ತುಂಡುಗಳಲ್ಲಿ ಒಂದನ್ನು ತಿರುಗಿಸಿ, 4 × 10 ಮುಖಗಳು ಒಂದಕ್ಕೊಂದು ಅಂಟುವಂತೆ ಜೋಡಿಸಿದರೆ ನಾವು ಆರಂಭದಲ್ಲಿ ಬಿಚ್ಚಿದ 5, 5, 6ರ ಪಟ್ಟಕವೇ ಎದುರಿಗೆ ಬರುತ್ತದೆ. ಎರಡು 132ಗಳ ಮೊತ್ತ 264. ಅಂಟಿನೊಳಗೆ ಮರೆಯಾದ ಎರಡು ಮುಖಗಳ 80ನ್ನು ಕಳೆದರೆ ಉಳಿಯುವುದು 184.

ಘನಾಕೃತಿ ಬದಲಾದರೂ ಘನಫಲ ಎರಡಕ್ಕೂ 120 ಘನ ಸೆಂ.ಮೀ. ಒಳಗೆ ಹಿಡಿಸುವುದು ಅಷ್ಟೇ ಆದರೂ, ಪಟ್ಟಕಕ್ಕೆ ಹೊರಗಿನಿಂದ ಕಾಗದ ಸುತ್ತಲು 20 ಚದರ ಸೆಂ.ಮೀ. ಹೆಚ್ಚು ಬೇಕು: ಎರಡು ಓರೆ ಮುಖಗಳು, ಪ್ರತಿಯೊಂದರಲ್ಲಿ 4ಕ್ಕೂ 5ಕ್ಕೂ ನಡುವಿನ ಒಂದು ಸೆಂಟಿಮೀಟರ್, ಹತ್ತು ಸೆಂಟಿಮೀಟರ್ ಉದ್ದಕ್ಕೆ.