ಬಸ್ ಸೀಟಿನ ಟವೆಲ್ ಮತ್ತು ಸೆರ್ತೋ: ವ್ಯೂಹ ಯಾವುದು, ಉಪಾಯ ಯಾವುದು?

ಎಂ.ಎ. ಸಾಂಸ್ಕೃತಿಕ ಅಧ್ಯಯನದ ಪೇಪರಿನಲ್ಲಿ ಮಿಶೆಲ್ ದ ಸೆರ್ತೋ ಬರುವ ಘಟಕ ನನಗೆ ಎರಡು ವಾರ ತಲೆ ತಿಂದಿತು. ಈಗಷ್ಟೇ ಗಂಟು ಬಿಚ್ಚಿಕೊಂಡಿದೆ. ಮರೆಯುವ ಮೊದಲು ಬರೆದಿಡುತ್ತೇನೆ, ನಿಮಗೂ ಉಪಯೋಗವಾಗಬಹುದು.

ಹಿನ್ನೆಲೆ ಬೇಗ ಮುಗಿಸುತ್ತೇನೆ. ಸೆರ್ತೋ (1925–1986) ಫ್ರಾನ್ಸಿನ ಇತಿಹಾಸಕಾರ, ಜೆಸ್ಯೂಟ್ ಪಾದ್ರಿ. ದಿನನಿತ್ಯದ ಬದುಕಿನ ಬಗ್ಗೆ ಅವನು ಬರೆದ ಪುಸ್ತಕ 1980ರಲ್ಲಿ ಬಂತು, ಇಂಗ್ಲಿಷಿಗೆ 1984ರಲ್ಲಿ. ಅದಕ್ಕೂ ಮೊದಲು, 1975ರಲ್ಲಿ, ಜೈಲು, ಶಾಲೆ, ಸೈನ್ಯಗಳ ಶಿಸ್ತು ಜನರ ಮೈಗೇ ಹೇಗೆ ಇಳಿಯುತ್ತದೆ ಎಂದು ಇನ್ನೊಬ್ಬ ಫ್ರೆಂಚ್ ಚಿಂತಕ ಮಿಶೆಲ್ ಫುಕೋ ತೋರಿಸಿದ್ದ. ಸೆರ್ತೋ ಕೇಳಿದ್ದು ಇಷ್ಟು: ಬಲೆ ಅಷ್ಟು ಗಟ್ಟಿ ಇದ್ದರೆ ಜನ ಅದರೊಳಗೆ ಬದುಕುವುದು ಹೇಗೆ? ಕೊಟ್ಟಿದ್ದನ್ನು ಸುಮ್ನೆ ತೆಗೆದುಕೊಳ್ಳುತ್ತಾರಾ, ಇಲ್ಲಾ ಅದರಿಂದ ತಮ್ಮದೇ ಏನಾದರೂ ಮಾಡಿಕೊಳ್ಳುತ್ತಾರಾ?

ಈಗ ನಾನು ಎಡವಿದ ಜಾಗಕ್ಕೆ ಬರುತ್ತೇನೆ. ಸ್ಟ್ರಾಟಜಿ, ಟ್ಯಾಕ್ಟಿಕ್ ಅನ್ನುವ ಎರಡು ಪದ. ನನ್ನ ನೋಟ್ಸಿನಲ್ಲಿ ಎರಡಕ್ಕೂ ‘ತಂತ್ರ’ ಅಂತಲೇ ಬರೆದಿದ್ದೆ. ಪತ್ರಿಕೆಗಳಲ್ಲಿ ಒಂದಕ್ಕೆ ಕಾರ್ಯತಂತ್ರ ಅನ್ನುತ್ತಾರೆ, ಇನ್ನೊಂದಕ್ಕೆ ಬರೀ ತಂತ್ರ. ಹಾಗಾಗಿ ದೊಡ್ಡ ಯೋಜನೆ ಸ್ಟ್ರಾಟಜಿ, ಅದರದೇ ಸಣ್ಣ ತುಂಡು ಟ್ಯಾಕ್ಟಿಕ್ ಎಂದುಕೊಂಡೆ. ಕ್ರಿಕೆಟ್ ಕಾಮೆಂಟರಿಗೆ ಇದು ಸರಿ. ಸೆರ್ತೋ ವಿಷಯದಲ್ಲಿ ಪೂರ್ತಿ ತಪ್ಪು.

ಗೊತ್ತಾಗಿದ್ದು ಅಸೈನ್‌ಮೆಂಟಿನಿಂದ. ಸಂತೆ ದಿನ ಸಂಜೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ನೋಟ್‌ಬುಕ್ ಹಿಡಿದು ನಿಂತಿದ್ದೆ. ಬಸ್ಸು ಇನ್ನೂ ತಿರುಗುತ್ತಿತ್ತು. ಯಜಮಾನರೊಬ್ಬರು ಅದರ ಜೊತೆಗೇ ಹೆಜ್ಜೆ ಹಾಕುತ್ತಾ, ಹೆಗಲ ಮೇಲಿನ ಟವೆಲ್ ತೆಗೆದು, ಕಿಟಕಿ ಕಂಬಿಯ ಸಂದಿಯಿಂದ ಸೀಟಿನ ಮೇಲೆ ಹಾಕಿದರು. ಬಾಗಿಲಲ್ಲಿ ನೂಕಾಟ. ಅವರು ನಿಧಾನವಾಗಿ, ಕೊನೆಯಲ್ಲಿ ಹತ್ತಿದರು. ಮೊದಲು ಹತ್ತಿದ್ದ ಹುಡುಗ ಟವೆಲ್ ನೋಡಿ ಹಿಂದಕ್ಕೆ ಹೋಗಿದ್ದ.

‘ಮೊದಲೇ ಯೋಚಿಸಿ ಮಾಡಿದ್ದು, ಆದ್ದರಿಂದ ಇದು ಪ್ರಯಾಣಿಕರ ಸ್ಟ್ರಾಟಜಿ’ ಎಂದು ಬರೆದೆ. ಮೇಡಂ ಪಕ್ಕದಲ್ಲಿ ಒಂದೇ ಪ್ರಶ್ನೆ ಹಾಕಿದ್ದರು: ಬಸ್ಸು ಯಾರದು?

ಎಲ್ಲಾ ಇರುವುದು ಆ ಪ್ರಶ್ನೆಯಲ್ಲೇ. ಬಸ್ಸು, ಸ್ಟ್ಯಾಂಡು, ವೇಳಾಪಟ್ಟಿ, ಟಿಕೆಟ್ ದರ ಎಲ್ಲಾ ಸಾರಿಗೆ ನಿಗಮದ್ದು. ಯಾವ ಸೀಟು ಯಾರಿಗೆ ಎಂದು ಬರೆಸುವುದೂ ಅದೇ. ಅದಕ್ಕೆ ತನ್ನದೇ ಜಾಗ ಇದೆ. ಅಲ್ಲಿ ಕೂತು ಲೆಕ್ಕ ಹಾಕಬಹುದು, ಮುಂದಿನ ವರ್ಷಕ್ಕೆ ಯೋಜನೆ ಮಾಡಬಹುದು. ಯಜಮಾನರ ಹತ್ತಿರ ಇರುವುದು ಒಂದು ಟವೆಲ್, ಅರ್ಧ ನಿಮಿಷ. ಗೆದ್ದ ಸೀಟನ್ನು ಅವರು ಮನೆಗೆ ಒಯ್ಯುವ ಹಾಗಿಲ್ಲ. ಮುಂದಿನ ಸಂತೆಗೆ ಮತ್ತೆ ಮೊದಲಿಂದ. ಅಂದರೆ ವ್ಯತ್ಯಾಸ ಗಾತ್ರದ್ದಲ್ಲ, ಬುದ್ಧಿಯದೂ ಅಲ್ಲ. ಕಾಲಿಡಲು ಸ್ವಂತ ನೆಲ ಇದೆಯೋ ಇಲ್ಲವೋ ಅನ್ನುವುದು.

ಆವತ್ತಿನಿಂದ ‘ತಂತ್ರ’ ಬಿಟ್ಟೆ. ಸ್ಟ್ರಾಟಜಿಗೆ ವ್ಯೂಹ, ಟ್ಯಾಕ್ಟಿಕ್‌ಗೆ ಉಪಾಯ. ವ್ಯೂಹ ಕಟ್ಟಲು ನೆಲ ಬೇಕು, ಸೈನ್ಯ ಬೇಕು. ಉಪಾಯ ಬೇರೆಯವರ ನೆಲದಲ್ಲಿ ಸಮಯ ನೋಡಿ ಮಾಡುವುದು. ನಮ್ಮಲ್ಲಿ ‘ಸಮಯಸಾಧಕ’ ಎಂದರೆ ಬೈಗುಳ, ಅಲ್ವಾ? ಸೆರ್ತೋ ಓದುವಾಗ ಆ ಕಹಿ ಪಕ್ಕಕ್ಕಿಡಬೇಕು. ಜಾಗ ಇಲ್ಲದವರಿಗೆ ಸಮಯ ಒಂದೇ ಆಸ್ತಿ.

ಪರೀಕ್ಷೆಯಲ್ಲಿ ಉದಾಹರಣೆ ಕೊಟ್ಟರೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಜಾಗ ಯಾರದು? ಗಳಿಸಿದ್ದು ನಾಳೆಗೆ ಉಳಿಯುತ್ತದಾ? ‘ರೂಮಿನಲ್ಲಿ ಅಡುಗೆ ಮಾಡಬಾರದು’ ಎಂಬ ಪಿಜಿ ಬೋರ್ಡು ವ್ಯೂಹದ ಕಡೆಯದು. ಅದೇ ರೂಮಿನಲ್ಲಿ ಕೆಟಲ್‌ನಲ್ಲಿ ಮೊಟ್ಟೆ ಬೇಯಿಸುವುದು ಉಪಾಯ.

ಶಕ್ತಿ ಯೋಜನೆ ಸ್ವಲ್ಪ ಕಷ್ಟದ್ದು. 2023ರ ಜೂನ್ 11ರಂದು ಶುರುವಾಯಿತು, ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ದರದ ಟಿಕೆಟ್. ಯೋಜನೆ ಸರ್ಕಾರದ್ದು, ಹಾಗಾಗಿ ವ್ಯೂಹ. ಆದರೆ ಪಕ್ಕದ ಮನೆ ಅಕ್ಕ ಆ ಟಿಕೆಟ್ ಹಿಡಿದು ತವರಿಗೆ ಹೋಗಿ, ಹಿತ್ತಲಿನ ಕರಿಬೇವು ತಂದು ಬೀದಿಗೆಲ್ಲ ಹಂಚುತ್ತಾರೆ. ಇದನ್ನು ಯಾವ ಆದೇಶವೂ ಹೇಳಿರಲಿಲ್ಲ. ಬಳಕೆಯೂ ಒಂದು ಬಗೆಯ ತಯಾರಿಕೆ ಎಂದು ಸೆರ್ತೋ ಹೇಳುವುದು ಇದನ್ನೇ. ಸ್ಪೇನಿನವರು ಹೇರಿದ ಕಾನೂನು, ಆಚರಣೆಗಳನ್ನು ಅಮೆರಿಕದ ಮೂಲನಿವಾಸಿಗಳು ತಿರಸ್ಕರಿಸದೆಯೇ ಬೇರೆ ಅರ್ಥದಲ್ಲಿ ಬಳಸಿದರು ಎಂಬುದು ಅವನದೇ ಉದಾಹರಣೆ.

‘ವಿಗ್’ ಬಗ್ಗೆ ಎರಡು ಮಾತು. ಸೆರ್ತೋ ಕೊಡುವ ಇನ್ನೊಂದು ಉದಾಹರಣೆ ಇದು: ಕೆಲಸದ ಹೊತ್ತಿನಲ್ಲಿ ಸ್ವಂತದ್ದೇನೋ ಮಾಡಿಕೊಳ್ಳುವುದಕ್ಕೆ ಫ್ರೆಂಚರು ತಮ್ಮ ಭಾಷೆಯಲ್ಲಿ ವಿಗ್ (perruque) ಅನ್ನುತ್ತಾರೆ. ಕಾರ್ಖಾನೆಯ ಲೇತಿನಲ್ಲಿ ಬಡಗಿ ತನ್ನ ಮನೆಗೆ ಪೀಠೋಪಕರಣ ಮಾಡಿಕೊಳ್ಳುವುದು, ಕಾರ್ಯದರ್ಶಿ ಆಫೀಸಿನಲ್ಲಿ ಪ್ರೇಮಪತ್ರ ಬರೆಯುವುದು. ಇದನ್ನು ಕಳ್ಳತನ ಎಂದು ಬರೆಯಬೇಡಿ. ಅಲ್ಲಿ ತಿರುಗಿಸಿಕೊಳ್ಳುವುದು ಸಮಯವನ್ನು, ಸರಕನ್ನಲ್ಲ.

ಸೆಮಿಸ್ಟರ್ ಕೊನೆಯ ಪ್ರಬಂಧಕ್ಕೆ ಮತ್ತೆ ಆ ಟವೆಲ್ಲನ್ನೇ ಹಿಡಿದಿದ್ದೇನೆ. ಆ ಸಂಜೆ ಕಂಡಕ್ಟರ್ ಖಾಲಿ ಸೀಟು ನೋಡಿ, ಟವೆಲ್ ಎತ್ತಿ ಹಿಡಿದು, ‘ಯಾರ್ರೀ ಇದು? ಬೇಗ ಬಂದು ಕೂತ್ಕೊಳ್ಳಿ’ ಎಂದು ಕೂಗಿದರು. ನಿಗಮದ ಮನುಷ್ಯರೇ ಉಪಾಯವನ್ನು ಒಪ್ಪಿ ಸೀಟು ಕಾದುಕೊಟ್ಟರು. ನನಗೆ ಬರೆಯಬೇಕಾಗಿರುವುದು ಆ ಕೂಗಿನ ಬಗ್ಗೆ.